ಸಸಿಮಡಿಯ ಮಣ್ಣಿನಲ್ಲಿ ಇಲ್ಲದಿರುವುದು

ಕೆರಿಬಿಯನ್ ಸಮುದ್ರದ ಪೋರ್ಟೊ ರಿಕೊ ದ್ವೀಪದಲ್ಲಿ ಸ್ವಭಾವತಃ ಬೆಳೆಯುವ ಪೈನ್ ಮರ ಒಂದೂ ಇಲ್ಲ. ಮರಮುಟ್ಟಿಗೂ ಕಾಗದದ ತಿರುಳಿಗೂ ಒದಗುವ ಈ ವೃಕ್ಷವನ್ನು ಹೇಗಾದರೂ ಅಲ್ಲಿ ನೆಲೆಗೊಳಿಸಬೇಕೆಂಬ ಹಂಬಲದಿಂದ ಅರಣ್ಯಾಧಿಕಾರಿಗಳು 1930ರ ದಶಕದಿಂದ ತೊಡಗಿ ಸುಮಾರು ಎರಡು ದಶಕಗಳ ಕಾಲ ಮರಳಿ ಮರಳಿ ಬೀಜ ತರಿಸಿದರು, ಮಡಿ ಮಾಡಿದರು, ನೀರೆರೆದರು, ಗೊಬ್ಬರವನ್ನೂ ಕೊಟ್ಟು ನೋಡಿದರು. ಬೀಜಗಳೇನೋ ಮೊಳೆಯುತ್ತಿದ್ದುವು, ಮೊಳೆತ ಸಸಿಗಳು ಗೇಣುದ್ದ ಏಳುತ್ತಲೂ ಇದ್ದುವು, ಆ ಬಳಿಕ ಸೂಜಿಯೆಲೆಗಳು ಹಳದಿಗಟ್ಟಿ, ಬೆಳವಣಿಗೆ ಸ್ತಂಭಿಸಿ, ಮಡಿಗೆ ಮಡಿಯೇ ಬರಿದಾಗುತ್ತಿತ್ತು. ಕಡೆಗೆ 1955ರಲ್ಲಿ ಅಮೆರಿಕದ ನಾರ್ತ್ ಕೆರೊಲಿನಾದಲ್ಲಿ ಹುಲುಸಾಗಿ ಬೆಳೆದಿದ್ದ ಪೈನ್ ಮರಗಳ ಬುಡದ ಮೇಲ್ಮಣ್ಣನ್ನು ತರಿಸಿ ಕೆಲವು ಸಸಿಗಳ ಬೇರಿಗೆ ಸೇರಿಸಲಾಯಿತು. ಮಣ್ಣು ಪಡೆದ ಸಸಿಗಳು ಕೆಲವು ತಿಂಗಳಲ್ಲೇ ಹಸುರೇರಿ, ಎರಡನೆಯ ವರ್ಷ ಮುಗಿಯುವ ಮುನ್ನವೇ ಎಳೆಮರಗಳಾಗಿ ನಿಂತುವು. ಪಕ್ಕದಲ್ಲೇ ಆ ಮಣ್ಣು ಕಾಣದೆ ಉಳಿದವು ಹಳೆಯ ಹಾಡನ್ನೇ ಹಾಡಿ ಮುಗಿಸಿದುವು.

ಆ ಹಿಡಿಮಣ್ಣಿನಲ್ಲಿದ್ದ ಮಹಿಮೆ ಯಾವುದು? ಪೋಷಕಾಂಶಗಳದಾಗಿದ್ದರೆ ಗೊಬ್ಬರದಿಂದಲೇ ಕೆಲಸವಾಗಬೇಕಾಗಿತ್ತು. ಅಮೆರಿಕದ ವಿಜ್ಞಾನಿಗಳಾದ ಹ್ಯಾಕ್ಸ್‌ಕೈಲೋ ಮತ್ತು ವೋಜೊ ಅವರು ಮುಂದೆ ಮಣ್ಣಿನ ಹಂಗೇ ಇಲ್ಲದೆ, ಪ್ರಯೋಗಾಲಯದಲ್ಲಿ ಶುದ್ಧವಾಗಿ ಬೆಳೆಸಿದ ಶಿಲೀಂಧ್ರಗಳನ್ನೇ ಆ ದ್ವೀಪದ ಪೈನ್ ಸಸಿಗಳಿಗೆ ಸೇರಿಸಿ ಅದೇ ಫಲವನ್ನು ಪಡೆದು, ಮಹಿಮೆಯೆಲ್ಲವೂ ಅಣಬೆಯ ಜಾತಿಗೆ ಸೇರಿದ ಜೀವಿಯದೆಂಬುದನ್ನು ಸ್ಥಿರಪಡಿಸಿದರು. ಇದಕ್ಕೂ ಬಹು ಹಿಂದೆ, 1927ರಲ್ಲಿಯೇ, ಪಶ್ಚಿಮ ಆಸ್ಟ್ರೇಲಿಯದ ಅರಣ್ಯಾಧಿಕಾರಿ ಕೆಸ್ಸೆಲ್ ಎಂಬವರು ಅಲ್ಲಿಯ ಪೈನ್ ಸಸಿಮಡಿಗಳಲ್ಲಿ ಇಂಥದೇ ಸೋಲನ್ನೂ, ಚೆನ್ನಾಗಿ ಬಂದ ಮಡಿಯ ಮಣ್ಣನ್ನು ಬರಡು ಮಡಿಗೆ ಹರಡಿದ ಕೂಡಲೆ ಇಂಥದೇ ಗೆಲವನ್ನೂ ಕಂಡು ಬರೆದಿಟ್ಟಿದ್ದರು. ಹಾಲಿಗೆ ಹೆಪ್ಪು ಹಾಕುವ ಗೃಹಿಣಿಗೆ ಈ ಕ್ರಿಯೆಯ ತತ್ತ್ವವನ್ನು ವಿವರಿಸಬೇಕಾಗಿಲ್ಲ: ಹಾಲಿನಲ್ಲಿ ಇಲ್ಲದಿರುವ ಜೀವವನ್ನು ಒಂದು ತೊಟ್ಟಿನಷ್ಟು ಸೇರಿಸಿದರೆ ಸಾಕು, ಮಿಕ್ಕುದನ್ನು ಅದೇ ನೋಡಿಕೊಳ್ಳುತ್ತದೆ. ಮುಂದೆ ಈ ಲೇಖನದಲ್ಲಿ ಬೇರಿಗೆ ಸೇರಿಸುವ ಶಿಲೀಂಧ್ರದ ಮಿಶ್ರಣವನ್ನು ಹೆಪ್ಪು ಎಂದೇ ಕರೆಯುತ್ತೇನೆ.

ಬೇರಿಗೂ ಶಿಲೀಂಧ್ರಕ್ಕೂ ಇರುವ ಈ ಸಂಬಂಧವನ್ನು ಲೋಕಕ್ಕೆ ಮೊದಲು ಸ್ಪಷ್ಟವಾಗಿ ಹೇಳಿದವನು ಜರ್ಮನಿಯ ಸಸ್ಯಶಾಸ್ತ್ರಜ್ಞ ಆಲ್ಬರ್ಟ್ ಬರ್ನ್‌ಹಾರ್ಡ್ ಫ್ರಾಂಕ್. ನೆಲದೊಳಗೆ ಬೆಳೆಯುವ, ಯೂರೋಪಿನ ಶ್ರೀಮಂತರ ನಾಲಗೆಗೆ ಪರಮಪ್ರಿಯವಾದ ಟ್ರಫಲ್ ಎಂಬ ಅಣಬೆಯನ್ನು ಕೃಷಿ ಮಾಡಲು ಸಾಧ್ಯವೇ ಎಂಬುದನ್ನು ವಿಚಾರಿಸುವಂತೆ ಪ್ರಷ್ಯದ ಸರಕಾರ ಅವನನ್ನು ನೇಮಿಸಿತ್ತು. ಟ್ರಫಲ್ ಕೃಷಿ ಅವನಿಂದ ಆಗಲಿಲ್ಲ. ಆದರೆ ಅಣಬೆಯನ್ನು ಅರಸುತ್ತ ಮರಗಳ ಬೇರುಗಳನ್ನು ಅಗೆದು ನೋಡುತ್ತ ಹೋದ ಅವನಿಗೆ, ಓಕ್, ಬೀಚ್ ಮುಂತಾದ ಮರಗಳ ಎಳೆಬೇರುಗಳ ತುದಿಗಳೆಲ್ಲ ಶಿಲೀಂಧ್ರದ ನೂಲಿನಿಂದ ನೇಯ್ದ ಒರೆಯೊಂದನ್ನು ತೊಟ್ಟಿರುವುದೂ, ಹಾಗೆ ತೊಟ್ಟ ಮರಗಳು ರೋಗದಿಂದ ನರಳುವುದರ ಬದಲು ಸಮೃದ್ಧವಾಗಿಯೇ ಇರುವುದೂ ಕಂಡುಬಂದಿತು. 1885ರಲ್ಲಿ ಅವನು ಇದಕ್ಕೆ ಮೈಕೋರೈಜಾ ಎಂದು ಹೆಸರಿಟ್ಟು, ಮರವು ಮಣ್ಣಿನಿಂದ ಆಹಾರ ಪಡೆಯುವುದು ಈ ಒರೆಯ ಮೂಲಕವೇ ಎಂದು ಸಾರಿದನು. ಶಿಲೀಂಧ್ರವೆಂದರೆ ಬೆಳೆಗೆ ಹತ್ತುವ ಕಾಡಿಗೆ, ತುಕ್ಕು, ಕೊಳೆರೋಗ ಎಂದಷ್ಟೇ ತಿಳಿದಿದ್ದ ಅಂದಿನ ಪಂಡಿತರು ಅವನ ಮಾತನ್ನು ಸುಲಭವಾಗಿ ಒಪ್ಪಲಿಲ್ಲ. ಫ್ರಾಂಕನು ವಾದಿಸುತ್ತ ಕೂರದೆ, ಕಾವು ಕೊಟ್ಟು ನಿರ್ಜೀವಗೊಳಿಸಿದ ಮಣ್ಣಿನಲ್ಲಿಯೂ ಕಾಡಿನಿಂದ ತಂದಂತೆಯೇ ಇದ್ದ ಮಣ್ಣಿನಲ್ಲಿಯೂ ಪೈನ್ ಸಸಿಗಳನ್ನು ಬೆಳೆಸಿ ತೋರಿಸಿದನು. ಕಾಡಿನ ಮಣ್ಣಿನ ಸಸಿಗಳೇ ಬಲಿಷ್ಠವಾಗಿದ್ದುವು.

ಫ್ರಾಂಕನು ಕಂಡ ಈ ಬಗೆಯಲ್ಲಿ ಶಿಲೀಂಧ್ರವು ಬೇರಿನ ತುದಿಯನ್ನು ಹೊರಗಿನಿಂದ ಸುತ್ತಿ, ಜೀವಕೋಶಗಳ ನಡುವಿನ ಸಂದಿಗಳಲ್ಲಿ ಮಾತ್ರ ಹೊಕ್ಕು ನಿಲ್ಲುತ್ತದೆ. ಕೋಶದ ಒಳಕ್ಕೆ ಕಾಲಿಡುವುದಿಲ್ಲ. ಪೈನ್, ಓಕ್, ನಮ್ಮ ಸಾಲವೃಕ್ಷ, ಪಶ್ಚಿಮಘಟ್ಟದ ಧೂಪ ಮತ್ತು ಬೋಗಿ ಈ ವರ್ಗದವು. ಆದರೆ ಭೂಮಿಯ ಮೇಲಿನ ಸಸ್ಯಗಳಲ್ಲಿ ಬಹುಭಾಗ ನೆಚ್ಚಿಕೊಂಡಿರುವುದು ಇನ್ನೊಂದು ಬಗೆಯನ್ನು. ತೇಗ, ಹುಣಿಸೆ, ಬೇವು, ಮಾವು, ಹಲಸು, ಕಾಫಿ, ಕಿತ್ತಳೆ, ರಾಗಿ, ಜೋಳ ಎಲ್ಲವೂ ಇದರ ಒಕ್ಕಲೇ. ಇಲ್ಲಿ ಬೇರಿನ ಮೇಲೆ ಒರೆಯಿಲ್ಲ, ಕಣ್ಣಿಗೆ ಕಾಣುವ ಗುರುತು ಯಾವುದೂ ಇಲ್ಲ. ಸಸಿಯ ಕಿರುಬೇರುಗಳನ್ನು ತೊಳೆದು, ಕಾಸ್ಟಿಕ್ ಪೊಟ್ಯಾಷಿನ ದ್ರಾವಣದಲ್ಲಿ ಬಿಸಿಮಾಡಿ, ಒಳಗಿನ ವಸ್ತುವೆಲ್ಲ ಕರಗಿ ಬೇರು ಗಾಜಿನಂತೆ ತಿಳಿಯಾದ ಮೇಲೆ ತುಸು ಆಮ್ಲದಲ್ಲಿ ಅದ್ದಿ, ಟ್ರಿಪಾನ್ ನೀಲಿಯೆಂಬ ಬಣ್ಣವನ್ನು ಹತ್ತಿಸಿ ಸೂಕ್ಷ್ಮದರ್ಶಕದ ಅಡಿಯಲ್ಲಿ ಇಟ್ಟಾಗಲೇ ಆ ಲೋಕ ತೆರೆದುಕೊಳ್ಳುತ್ತದೆ. ಬಣ್ಣವಿಲ್ಲದ ಬೇರಿನೊಳಗೆ ಉದ್ದುದ್ದಕ್ಕೆ ಓಡುವ ನೀಲಿಯ ಎಳೆಗಳು. ಅಲ್ಲಲ್ಲಿ ಎಣ್ಣೆಯ ದಾಸ್ತಾನು ತುಂಬಿದ ದುಂಡನೆಯ ಕೋಶಿಕೆಗಳು. ಬೇರಿನ ಕೋಶವೊಂದನ್ನು ಹೊಕ್ಕ ಎಳೆ ಕವಲಿಗೆ ಕವಲೊಡೆದು, ಕೋಶವನ್ನೆಲ್ಲ ತುಂಬಿ ನಿಂತಿರುವ ಪುಟ್ಟ ಪೊದೆಯ ಆಕಾರ. ಗಿಡಕ್ಕೂ ಶಿಲೀಂಧ್ರಕ್ಕೂ ಕೊಡುಕೊಳ್ಳುವ ವ್ಯವಹಾರ ನಡೆಯುವುದು ಈ ಪೊದೆಯಲ್ಲಿ. ಅದರ ಆಯುಸ್ಸು ಕೆಲವೇ ದಿನಗಳದು. ಒಂದು ಕರಗುವಷ್ಟರಲ್ಲಿ ಇನ್ನೊಂದು ಕೋಶದಲ್ಲಿ ಮತ್ತೊಂದು ಮೂಡಿರುತ್ತದೆ. ಸ್ಕಾಟ್ಲೆಂಡಿನ ರೈನಿ ಎಂಬ ಊರಿನ ಶಿಲೆಗಳಲ್ಲಿ ದೊರೆತ, ನಲವತ್ತು ಕೋಟಿ ವರ್ಷಗಳಿಗೂ ಹಿಂದಿನ ಸಸ್ಯಾವಶೇಷಗಳಲ್ಲಿ ಕೂಡ ಇಂಥ ಪೊದೆಗಳು ಸಿಕ್ಕಿವೆ. ಆ ಸಸ್ಯಗಳಿಗಾದರೋ ನಿಜವಾದ ಬೇರೇ ಇರಲಿಲ್ಲ!

ವ್ಯವಹಾರವೆಂದೆನಲ್ಲವೆ, ಅದರಲ್ಲಿ ವಿನಿಮಯವಾಗುವ ಮುಖ್ಯ ಸರಕು ರಂಜಕ. ಸಾರಜನಕದ ಲವಣಗಳು ನೀರಿನೊಂದಿಗೆ ಹರಿದು ಬೇರಿನ ಬಳಿಗೆ ತಾವೇ ಬರುತ್ತವೆ; ರಂಜಕದ ಲವಣವಾದರೋ ಮಣ್ಣಿನ ಕಣಕ್ಕೆ ಅಂಟಿಕೊಂಡು ಕೂತರೆ ಜಪ್ಪಯ್ಯ ಎಂದರೂ ಕದಲುವುದಿಲ್ಲ. ಅದರಲ್ಲಿಯೂ ಮಲೆನಾಡು ಮತ್ತು ಕರಾವಳಿಯ ಜಂಬಿಟ್ಟಿಗೆ ಮಣ್ಣಿನಲ್ಲಿ, ಕಬ್ಬಿಣ ಮತ್ತು ಅಲ್ಯುಮಿನಿಯಮ್‌ಗಳು ಅದನ್ನು ಬಿಗಿಯಾಗಿ ಹಿಡಿದಿರುವುದರಿಂದ, ಕೊಟ್ಟ ಗೊಬ್ಬರದ ಬಹುಪಾಲು ನೆಲದಲ್ಲಿದ್ದೂ ಗಿಡಕ್ಕೆ ಇಲ್ಲದಂತಾಗುತ್ತದೆ. ಬೇರು ತನ್ನ ಸುತ್ತಲಿನ ಒಂದೆರಡು ಮಿಲಿಮೀಟರಿನಲ್ಲಿದ್ದ ರಂಜಕವನ್ನು ಹೀರಿ ಮುಗಿಸಿದ ಮೇಲೆ ಅಲ್ಲೊಂದು ಬರಿದಾದ ವಲಯ ಉಂಟಾಗುತ್ತದೆ. ಶಿಲೀಂಧ್ರದ ಎಳೆ ನಮ್ಮ ತಲೆಗೂದಲಿನ ಹತ್ತನೆಯ ಒಂದು ಪಾಲಿಗಿಂತಲೂ ತೆಳುವು. ಬೇರಿನ ರೋಮವೂ ನುಗ್ಗಲಾರದ ಸಂದಿಗಳಲ್ಲಿ ತೂರಿ, ಬರಿದಾದ ವಲಯವನ್ನು ದಾಟಿ, ಹಲವು ಸೆಂಟಿಮೀಟರುಗಳಾಚೆಯ ರಂಜಕವನ್ನು ಹೊತ್ತು ತರುತ್ತದೆ. ಸತು, ತಾಮ್ರಗಳನ್ನೂ ತರುತ್ತದೆ. ಬೇಸಗೆಯಲ್ಲಿ ಸಸಿ ಬಾಡದಂತೆ ತಡೆಯುವುದರಲ್ಲಿಯೂ ಅದರ ಕೈವಾಡವುಂಟು. ಇದಕ್ಕೆ ಪ್ರತಿಯಾಗಿ ಗಿಡ ತಾನು ಬಿಸಿಲಿನಲ್ಲಿ ತಯಾರಿಸಿದ ಆಹಾರದ ನೂರಕ್ಕೆ 4ರಿಂದ 20 ಪಾಲನ್ನು ಸಕ್ಕರೆಯ ಮತ್ತು ಕೊಬ್ಬಿನ ರೂಪದಲ್ಲಿ ತೆರುತ್ತದೆ. ಸಣ್ಣ ತೆರಿಗೆಯೇನಲ್ಲ. ಮಣ್ಣಿನಲ್ಲಿ ರಂಜಕ ಸುಲಭವಾಗಿ, ಯಥೇಚ್ಛವಾಗಿ ದೊರೆಯುತ್ತಿದ್ದರೆ ಗಿಡ ಈ ತೆರಿಗೆಯನ್ನು ಏಕೆ ಕೊಟ್ಟೀತು? ಕೊಡುವುದಿಲ್ಲ, ಬಾಗಿಲನ್ನೇ ಮುಚ್ಚುತ್ತದೆ.

ಈ ಕಡೆಯ ಮಾತು ಸಸಿ ಬೆಳೆಸುವವರು ಮನಸ್ಸಿನಲ್ಲಿಡಬೇಕಾದದ್ದು. ಏಕೆಂದರೆ ಕಾಡಿನಲ್ಲಿ ತಾಯಿಮರದ ಬುಡದಲ್ಲಿ ಬಿದ್ದು ಮೊಳೆತ ಸಸಿಗೆ ಮೊದಲ ಕೆಲವು ವಾರಗಳಲ್ಲಿಯೇ ದೊರೆಯುವ ಈ ಸಹವಾಸ, ನರ್ಸರಿಯ ಸಸಿಗೆ ದೊರೆಯದಂತೆ ನಾವು ಎಲ್ಲ ಏರ್ಪಾಡುಗಳನ್ನೂ ಬಹು ಶ್ರದ್ಧೆಯಿಂದ ಮಾಡಿರುತ್ತೇವೆ. ಚೀಲಕ್ಕೆ ತುಂಬುವ ಮಣ್ಣು ಎಲ್ಲಿಯದೋ ಆಳದ ಗುಂಡಿಯದು. ಅದಿಲ್ಲವಾದರೆ ತೆಂಗಿನ ನಾರಿನ ಪುಡಿ. ಸಸಿ ಬೆಳೆಸುವ ಪ್ಲಾಸ್ಟಿಕ್ ಕೊಳವೆಗಳಾದ ರೂಟ್ ಟ್ರೇನರ್‌ಗಳ ಕಾಲ ಬಂದ ಮೇಲಂತೂ ಮಣ್ಣೆಂಬುದೇ ಅನೇಕ ಕಡೆ ಮಾಯವಾಗಿದೆ. ಸಸಿ ಬೇಗ ಹಸುರೇರಿ ಗಿರಾಕಿಯ ಕಣ್ಣು ಸೆಳೆಯಲೆಂದು ರಂಜಕದ ಗೊಬ್ಬರವಾದ ಡಿಎಪಿ ಕದಡಿದ ನೀರನ್ನು ಉಣಿಸುತ್ತೇವೆ. ಬುಡಕೊಳೆ ಬಾರದಿರಲೆಂದು ಕಾರ್ಬೆಂಡಜಿಮ್ ಸುರಿಯುತ್ತೇವೆ. ಆ ಔಷಧಿ ರೋಗದ ಶಿಲೀಂಧ್ರ ಯಾವುದು, ಸ್ನೇಹದ್ದು ಯಾವುದೆಂದು ವಿಚಾರಿಸುವುದಿಲ್ಲ. ಅಮೆರಿಕದ ಕಿತ್ತಳೆ ಜಾತಿಯ ಸಸಿಗಳ ನರ್ಸರಿಗಳಲ್ಲಿ ರೋಗಾಣುಗಳನ್ನೂ ಕಳೆಯನ್ನೂ ಕೊಲ್ಲಲು ಮಣ್ಣಿಗೆ ವಿಷಾನಿಲದ ಹೊಗೆ ಹಾಕುತ್ತಿದ್ದ ಕಾಲದಲ್ಲಿ, ಸರ್ವಥಾ ನಿರ್ಮಲವಾದ ಆ ಮಣ್ಣಿನಲ್ಲಿ ಸಸಿಗಳು ಕುಬ್ಜವಾಗಿ ಉಳಿಯುತ್ತಿದ್ದುದನ್ನು ಕಂಡು, ಹೊಗೆಯ ವಿಷವೇ ಮಣ್ಣಿನಲ್ಲಿ ಉಳಿದಿರಬೇಕೆಂದು ಜನ ಊಹಿಸಿದ್ದರು. 1972ರಲ್ಲಿ ಕ್ಲೈನ್‌ಶ್ಮಿಟ್ ಮತ್ತು ಗರ್ಡೆಮನ್ ಎಂಬ ವಿಜ್ಞಾನಿಗಳು ಅಲ್ಲಿ ಉಳಿದಿದ್ದುದು ವಿಷವಲ್ಲ, ಇಲ್ಲದೆ ಹೋಗಿದ್ದುದು ಮೈಕೋರೈಜಾ ಎಂಬುದನ್ನು ತೋರಿಸಿಕೊಟ್ಟರು. ಇಂಗ್ಲೆಂಡಿನ ಬಾರ್ಬರಾ ಮೋಸೆ ಎಂಬ ವಿದುಷಿ ಇದೇ ವಿಷಯವನ್ನು 1957ರಲ್ಲಿ ಸೇಬಿನ ಸಸಿಗಳಲ್ಲಿ ತೋರಿಸಿದ್ದಳು. ಇಂದು ಹೆಪ್ಪಿನ ಪೊಟ್ಟಣಗಳ ಮೇಲೆ ಮೊಸಿಯೇ ಎಂದು ಕಾಣುವ ಜಾತಿನಾಮ ಅವಳ ಸ್ಮರಣೆಗಾಗಿ ಇಟ್ಟದ್ದು.

ಕನ್ನಡಿಗರು ಈ ಶಾಸ್ತ್ರವನ್ನು ಕಲಿಯಲು ಸಮುದ್ರ ದಾಟಬೇಕಾಗಿಲ್ಲ. ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದಲ್ಲಿ ಡಿ. ಜೆ. ಬಾಗ್ಯರಾಜ್ ಅವರೂ ಅವರ ಶಿಷ್ಯರೂ ದಶಕಗಳ ಕಾಲ ಈ ಶಿಲೀಂಧ್ರಗಳನ್ನು ಅಭ್ಯಸಿಸಿ, ಹುಣಿಸೆ, ಸುಬಾಬುಲ್, ಗಾಳಿ, ಅಕೇಶಿಯ ಮುಂತಾದ ಮರಗಳ ಸಸಿಗಳಿಗೆ ಬೇರೆ ಬೇರೆ ಶಿಲೀಂಧ್ರಗಳನ್ನು ಒಂದೊಂದಾಗಿ ಕೊಟ್ಟು, ಯಾವುದಕ್ಕೆ ಯಾವುದು ಹೆಚ್ಚು ಒದಗುತ್ತದೆಂಬುದನ್ನು ತೂಗಿ ನೋಡಿದ್ದಾರೆ. ಅವರ ಕೆಲಸದಿಂದ ಹೊರಬಿದ್ದ ಮುಖ್ಯ ಸಂಗತಿಯೆಂದರೆ, ಎಲ್ಲ ಮರಗಳೊಡನೆಯೂ ಕೂಡಿ ಬಾಳಬಲ್ಲ ಶಿಲೀಂಧ್ರವಾದರೂ ಎಲ್ಲ ಮರಗಳಿಗೂ ಸಮಾನವಾಗಿ ಉಪಕರಿಸುವುದಿಲ್ಲ. ಹುಣಿಸೆಯನ್ನು ಮುಂದೆ ತಂದ ಹೆಪ್ಪು ಸುಬಾಬುಲ್‌ಗೆ ಅಷ್ಟೇ ಒಳ್ಳೆಯದೆಂದು ನಂಬಬಾರದು.

ಎರಡನೆಯ ಬಗೆಯ ಈ ಶಿಲೀಂಧ್ರವನ್ನು ಬಾಟಲಿಯಲ್ಲಿ ಬರಿಯ ಪೋಷಕದ್ರವದ ಮೇಲೆ ಬೆಳೆಸುವಂತಿಲ್ಲ. ಕೊಬ್ಬನ್ನು ತಾನೇ ತಯಾರಿಸಿಕೊಳ್ಳುವ ಶಕ್ತಿಯನ್ನು ಕಳೆದುಕೊಂಡಿರುವ ಅದಕ್ಕೆ ಜೀವಂತವಾದ ಬೇರೇ ಬೇಕು. ಆದುದರಿಂದ ಹೆಪ್ಪು ಬೆಳೆಸುವವರು ಕುಂಡಗಳಲ್ಲಿ ಹಬೆಗೆ ಹಾಕಿದ ಮರಳು-ಮಣ್ಣು ತುಂಬಿ, ಕೆಳಗೆ ಮೂಲಹೆಪ್ಪನ್ನಿಟ್ಟು, ಮೇಲೆ ರಾಗಿಯನ್ನೋ ಮುಸುಕಿನ ಜೋಳವನ್ನೋ ರೋಡ್ಸ್ ಹುಲ್ಲನ್ನೋ ಬಿತ್ತುತ್ತಾರೆ. ಸುಮಾರು ಮೂರು ತಿಂಗಳಾದ ಮೇಲೆ ನೀರು ನಿಲ್ಲಿಸಿದರೆ ಪೈರು ಒಣಗುತ್ತ ಬಂದಂತೆ ಶಿಲೀಂಧ್ರ ಮುಂದಿನ ಕಾಲಕ್ಕೆಂದು ಬೀಜಕಣಗಳನ್ನು ಕೂಡಿಹಾಕುತ್ತದೆ. ಆಗ ಪೈರನ್ನು ನೆಲಮಟ್ಟಕ್ಕೆ ಕೊಯ್ದು, ಬೇರುಗಳನ್ನು ಸಣ್ಣಗೆ ಕತ್ತರಿಸಿ ಆ ಮಣ್ಣಿಗೇ ಕಲಸಿ ನೆರಳಿನಲ್ಲಿ ಆರಿಸಿದರೆ ಹೆಪ್ಪು ಸಿದ್ಧ. ಆ ಬೇರುಗಳಲ್ಲಿ ಗಂಟಿನ ಜಂತುಹುಳುವಾಗಲಿ ಕೊಳೆಯಾಗಲಿ ಇರಬಾರದು. ಇದ್ದರೆ ಸ್ನೇಹಿತನ ಜೊತೆಗೆ ಕಳ್ಳನನ್ನೂ ಮನೆಗೆ ಕರೆತಂದಂತಾಯಿತು. ಚೀಲವೊಂದಕ್ಕೆ ಇದು 5ರಿಂದ 10 ಗ್ರಾಂ ಸಾಕು. ಆದರೆ ಹಾಕುವ ಜಾಗ ತಪ್ಪಬಾರದು. ಮೇಲೆ ಉದುರಿಸಿ ನೀರು ಹಾಕಿದರೆ ಪ್ರಯೋಜನ ಅಲ್ಪ. ಪಾತಿಯಿಂದ ಕಿತ್ತ ಸಸಿಯನ್ನು ಚೀಲಕ್ಕೆ ನಾಟಿ ಮಾಡುವಾಗ, ಕೋಲಿನಿಂದ ಕೊರೆದ ಕುಳಿಯೊಳಕ್ಕೆ ಹೆಪ್ಪನ್ನು ಮೊದಲು ಸುರಿದು, ಎಳೆಬೇರು ಅದನ್ನು ಮುಟ್ಟುವಂತೆ ಸಸಿಯನ್ನು ಇಳಿಸಬೇಕು. ಮುಂದಿನ ಕೆಲವು ವಾರ ಡಿಎಪಿಯ ಡಬ್ಬಿಯನ್ನು ಕಪಾಟಿನಲ್ಲಿ ಬೀಗ ಹಾಕಿಟ್ಟರೆ ಇನ್ನೂ ಒಳ್ಳೆಯದು. ಆ ದಿನಗಳಲ್ಲಿ ಹೆಪ್ಪು ಪಡೆದ ಸಸಿ ಪಕ್ಕದ ಸಾಲಿನದಕ್ಕಿಂತ ತುಸು ಹಿಂದುಳಿದಂತೆಯೂ ಕಾಣಬಹುದು. ಹೊಸ ಒಕ್ಕಲಿಗೆ ತೆರಿಗೆ ತೆರುತ್ತಿರುವ ಕಾಲವದು, ಗಾಬರಿಪಡಬೇಕಾಗಿಲ್ಲ.

ಇಷ್ಟೆಲ್ಲ ಹೇಳಿದ ಮೇಲೆ, ಸಸಿ ನೆಡುವ ಪ್ರತಿಯೊಬ್ಬರೂ ಒಂದೊಂದು ಪೊಟ್ಟಣ ಕೊಳ್ಳಬೇಕೆಂಬುದು ನನ್ನ ಅಭಿಪ್ರಾಯವೆಂದು ಓದುಗರು ತಿಳಿದರೆ ಅದು ನನಗೆ ಸಮ್ಮತವಲ್ಲ. 1985ರ ರಸಗೊಬ್ಬರ ನಿಯಂತ್ರಣ ಆದೇಶದ ಜೈವಿಕ ಗೊಬ್ಬರಗಳ ಸಾಲಿಗೆ ಮೈಕೋರೈಜಾ ಸೇರಿ, ಅದರ ಗುಣಮಟ್ಟಕ್ಕೆ ನಿಯಮಗಳಾಗಿರುವುದು ನಿಜ. ಆದರೂ ಅಂಗಡಿಯ ಬಿಸಿಲುಕಪಾಟಿನಲ್ಲಿ ತಿಂಗಳುಗಟ್ಟಲೆ ಕೂತ ಪುಡಿಯಲ್ಲಿ ಎಷ್ಟು ಜೀವ ಉಳಿದಿದೆಯೆಂಬುದನ್ನು ಕೊಳ್ಳುವವನು ಕಣ್ಣಿನಿಂದ ಅರಿಯಲಾರ. ಅದಕ್ಕಿಂತ ಮುಖ್ಯವಾದ ಮಾತೆಂದರೆ, ಹಳೆಯ ತೋಟದಲ್ಲಿ, ಹುಲ್ಲು ಪೊದೆಗಳಿರುವ ಹಿತ್ತಿಲಿನಲ್ಲಿ, ರಾಗಿ ಬೆಳೆದ ಹೊಲದಂಚಿನಲ್ಲಿ ಈ ಶಿಲೀಂಧ್ರಗಳು ಮೊದಲೇ ಧಾರಾಳವಾಗಿರುತ್ತವೆ. ಅಲ್ಲಿ ನೆಟ್ಟ ಮಾವಿನ ಸಸಿ ತನ್ನ ಸಹವಾಸವನ್ನು ತಾನೇ ಹುಡುಕಿಕೊಳ್ಳುತ್ತದೆ. ಎಷ್ಟೋ ಪರೀಕ್ಷೆಗಳಲ್ಲಿ ಹೊರಗಿನಿಂದ ತಂದ ಶಿಲೀಂಧ್ರ ಅಂಥ ಮಣ್ಣಿನ ಹಳೆಯ ನಿವಾಸಿಗಳ ಮುಂದೆ ನಿಲ್ಲಲಾರದೆ ಸೋತಿದೆ. ಕೊರತೆಯಿಲ್ಲದ ಕಡೆ ಕೊರತೆ ತುಂಬುವ ಔಷಧಿಗೆ ಕೆಲಸವೇನು?

ಕೊರತೆ ನಿಜವಾಗಿಯೂ ಇರುವ ಸ್ಥಳಗಳು ಬೇರೆಯೇ ಉಂಟು. ಕೋಲಾರದ ಚಿನ್ನದ ಗಣಿಯ ಸಯನೈಡ್ ದಿಬ್ಬಗಳನ್ನು ಕಂಡವರಿಗೆ, ಮಣ್ಣಿನ ಬಣ್ಣವಿದ್ದೂ ಮಣ್ಣಲ್ಲದ ನೆಲವೆಂದರೇನೆಂಬುದು ತಿಳಿದೇ ಇದೆ. ಭೂಗರ್ಭದಿಂದ ಅಗೆದು ಸುರಿದ ಇಂಥ ರಾಶಿಗಳಲ್ಲಿ ಹಿಂದೆಂದೂ ಬೇರು ಇಳಿದಿಲ್ಲವಾದ್ದರಿಂದ ಬೇರಿನ ಬಂಧುವೂ ಇಲ್ಲ. ಅಮೆರಿಕದ ಕಲ್ಲಿದ್ದಲ ಗಣಿಗಳ ಕಾದ, ಆಮ್ಲಮಯವಾದ ತ್ಯಾಜ್ಯದ ಮೇಲೆ ತಾವಾಗಿ ಬದುಕಿದ್ದ ಕೆಲವೇ ಪೈನ್ ಮರಗಳ ಬೇರುಗಳಲ್ಲಿ ಪಿಸೊಲಿಥಸ್ ಎಂಬ, ಒಡೆದರೆ ಕಂದುಪುಡಿ ಸುರಿಸುವ ಶಿಲೀಂಧ್ರವಿರುವುದನ್ನು ಗಮನಿಸಿದ ಡೊನಾಲ್ಡ್ ಮಾರ್ಕ್ಸ್ ಎಂಬವರು, 1970ರ ದಶಕದಲ್ಲಿ ಅದನ್ನು ನರ್ಸರಿಯಲ್ಲಿಯೇ ಸಸಿಗಳಿಗೆ ಹತ್ತಿಸಿ ಅಂಥ ನೆಲಕ್ಕೆ ಕಳುಹಿಸುವ ಪದ್ಧತಿಯನ್ನು ರೂಢಿಗೆ ತಂದರು. ನಮ್ಮ ನೆರೆಯ ಗೋವೆಯಲ್ಲಿಯೂ ಕಬ್ಬಿಣದ ಅದಿರಿನ ಗಣಿಗಳ ತ್ಯಾಜ್ಯದಿಬ್ಬಗಳ ಮೇಲೆ ಬೆಳೆಯುವ ಗಿಡಗಳ ಬೇರುಶಿಲೀಂಧ್ರಗಳನ್ನು ಅಲ್ಲಿಯ ವಿಶ್ವವಿದ್ಯಾಲಯದವರು ಅಭ್ಯಸಿಸಿದ್ದಾರೆ. ಗಣಿಯ ದಿಬ್ಬ, ಮೇಲ್ಮಣ್ಣು ಕೊಚ್ಚಿಹೋದ ಗುಡ್ಡ, ಯಂತ್ರದಿಂದ ಕೆರೆದು ಸಮತಟ್ಟು ಮಾಡಿದ ಬಡಾವಣೆ, ಹೆದ್ದಾರಿಯ ಅಂಚು: ನರ್ಸರಿಯಲ್ಲಿ ಹೆಪ್ಪು ಪಡೆದ ಸಸಿಗೆ ಬೆಲೆ ಬರುವುದು ಇಲ್ಲಿ. ವನಮಹೋತ್ಸವದ ಜುಲೈ ತಿಂಗಳಲ್ಲಿ ಗಣ್ಯರು ನೆಟ್ಟ ಸಸಿಗಳಲ್ಲಿ ಬೇಸಗೆಯನ್ನು ಕಾಣದವು ಬಹುಮಟ್ಟಿಗೆ ಇಂಥ ನೆಲದವೇ. ಅವುಗಳಿಗೆ ನೀರಿನ ಕೊರತೆಯಲ್ಲದೆ ನೆಂಟರ ಕೊರತೆಯೂ ಇತ್ತೆಂಬುದನ್ನು ಯಾರೂ ಎಣಿಸುವುದಿಲ್ಲ.

ಕಾಡಿನ ಮರಗಳೆಲ್ಲ ಈ ಎಳೆಗಳ ಮೂಲಕ ಪರಸ್ಪರ ಮಾತನಾಡುತ್ತವೆ, ತಾಯಿಮರ ಮಕ್ಕಳಿಗೆ ಉಣಿಸುತ್ತದೆ ಎಂಬ ಕಥೆ ಈಚೆಗೆ ಬಹು ಜನಪ್ರಿಯವಾಗಿದೆ. ಕೆನಡದ ಸುಜಾನ್ ಸಿಮಾರ್ಡ್ ಅವರು 1997ರಲ್ಲಿ ಬರ್ಚ್ ಮತ್ತು ಡಗ್ಲಸ್ ಫರ್ ಸಸಿಗಳ ನಡುವೆ ಇಂಗಾಲ ಸಾಗುವುದನ್ನು ತೋರಿಸಿದ್ದು ಇದರ ಮೂಲ. ಆದರೆ ಆ ಕ್ಷೇತ್ರದಲ್ಲೇ ಪಳಗಿದ ಮೂವರು ವಿಜ್ಞಾನಿಗಳು 2023ರಲ್ಲಿ ಲಭ್ಯವಿರುವ ಸಾಕ್ಷ್ಯಗಳನ್ನೆಲ್ಲ ಪರಿಶೀಲಿಸಿ, ಕಥೆ ಪ್ರಮಾಣವನ್ನು ಮೀರಿ ಬೆಳೆದಿದೆ ಎಂದು ಎಚ್ಚರಿಸಿದ್ದಾರೆ. ನರ್ಸರಿಯವನಿಗೆ ಈ ವಿವಾದದಿಂದ ನಷ್ಟವೇನಿಲ್ಲ. ಮರಗಳು ಮಾತನಾಡಲಿ ಬಿಡಲಿ, ರಂಜಕ ಬಂದೇ ಬರುತ್ತದೆ.

ನಮ್ಮ ಘಟ್ಟದ ಧೂಪ, ಬೋಗಿಗಳ ವಿಷಯದಲ್ಲಿ ಒಂದು ಪ್ರತ್ಯೇಕ ಮಾತು ಹೇಳಬೇಕು. ಕರಾವಳಿಯ ಗಟ್ಟಿ ಮುರಕಲ್ಲಿನ ನೆಲದಲ್ಲಿ, ಮೊದಲ ಮಳೆ ಬಿದ್ದ ದಿನಗಳಲ್ಲಿ, ಮರಗಳ ಬುಡದ ಮಣ್ಣನ್ನು ಕೆದಕಿ ಜನ ಆರಿಸಿ ತರುವ ಕಲ್ಲಣಬೆಯನ್ನು ಬಲ್ಲವರು ಬಲ್ಲರು. ಗೋಲಿಯಂತೆ ದುಂಡಗಿದ್ದು, ಕಚ್ಚಿದರೆ ಕಟಕ್ಕೆನ್ನುವ, ಒಳಗೆ ಬೆಳ್ಳಗಿರುವವರೆಗೆ ಮಾತ್ರ ತಿನ್ನಲು ಯೋಗ್ಯವಾದ ಇದು ಕಪ್ಪಾಗಿ ಬಲಿತ ಮೇಲೆ ಸಿಪ್ಪೆ ನಕ್ಷತ್ರದಂತೆ ಬಿರಿದು ಪುಡಿಯನ್ನು ಹಾರಿಸುತ್ತದೆ. ಕಲ್ಲಣಬೆ ಇಂಥ ಮರಗಳ ಬೇರುಸಂಗಾತಿ. ಮರವಿಲ್ಲದೆ ಅದಿಲ್ಲ, ಭತ್ತದ ಹುಲ್ಲಿನ ಮೇಲೆ ಬೆಳೆಯುವ ಅಣಬೆಯಂತೆ ಅದನ್ನು ಕೊಠಡಿಯಲ್ಲಿ ಬೆಳೆಸಲಾಗದಿರುವುದಕ್ಕೆ ಕಾರಣ ಇದೇ. ಧೂಪದ ಬೀಜವಾದರೋ ಮಳೆಗಾಲದಲ್ಲಿ ಉದುರಿ ಕೆಲವೇ ವಾರಗಳಲ್ಲಿ ಮೊಳೆಯುವ ಶಕ್ತಿಯನ್ನು ಕಳೆದುಕೊಳ್ಳುವಂಥದು. ಆದುದರಿಂದ ಬೀಜ ಆರಿಸಲು ಹೇಗೂ ಮರದ ಬುಡಕ್ಕೆ ಹೋಗಲೇಬೇಕಾದವರು, ತರಗನ್ನು ಸರಿಸಿ ಮೇಲಿನ ನಾಲ್ಕು ಬೆರಳಿನಷ್ಟು ಮಣ್ಣನ್ನು ಕಿರುಬೇರುಗಳ ಸಮೇತ ಒಂದು ಬುಟ್ಟಿ ತಂದರೆ ಪೇಟೆಯ ಯಾವ ಪೊಟ್ಟಣವೂ ಅದಕ್ಕೆ ಸಮವಲ್ಲ. ಮರ ಆರೋಗ್ಯವಾಗಿರಬೇಕು, ಮಣ್ಣು ಅದೇ ಊರಿನದಾಗಿರಬೇಕು, ತಂದುದನ್ನು ಬಿಸಿಲಿಗೆ ಒಡ್ಡದೆ ಒಂದೆರಡು ದಿನದಲ್ಲಿ ಬಳಸಬೇಕು. ದೂರದೇಶದ ಮಣ್ಣಿನ ಸಹವಾಸ ಬೇಡ. ಅರ್ಜೆಂಟೀನದ ಇಸ್ಲಾ ವಿಕ್ಟೋರಿಯ ದ್ವೀಪದಲ್ಲಿ ನೆಟ್ಟ ಪರದೇಶಿ ಸೂಜಿಯೆಲೆಮರಗಳು ಬಹುಕಾಲ ತೋಪಿನ ಗಡಿ ದಾಟದಿದ್ದುದಕ್ಕೆ ಹೊರಗಿನ ನೆಲದಲ್ಲಿ ಅವುಗಳ ಶಿಲೀಂಧ್ರಗಳಿಲ್ಲದಿದ್ದುದೂ ಒಂದು ಕಾರಣವೆಂದು ಕಂಡುಬಂದಿದೆ. ಶಿಲೀಂಧ್ರ ಹರಡಿದೆಡೆ ಮರವೂ ಕಳೆಯಾಗಿ ಹರಡೀತು.

ಕಾಫಿತೋಟಗಳ ನೆರಳಿಗೆಂದು ನೆಡುವ ಸಿಲ್ವರ್ ಓಕ್ ಮಾತ್ರ ಈ ಲೆಕ್ಕಕ್ಕೆ ಹೊರತು. ಆಸ್ಟ್ರೇಲಿಯದ ಬಡನೆಲದಿಂದ ಬಂದ ಅದರ ಕುಟುಂಬದ ಮರಗಳು ಸಾಮಾನ್ಯವಾಗಿ ಶಿಲೀಂಧ್ರವನ್ನು ನೆಚ್ಚದೆ, ಬಾಟಲಿ ತೊಳೆಯುವ ಕುಂಚದಾಕಾರದ ದಟ್ಟ ಬೇರುಗೊಂಚಲುಗಳಿಂದ ಆಮ್ಲ ಸ್ರವಿಸಿ ರಂಜಕವನ್ನು ತಾವೇ ಬಿಡಿಸಿಕೊಳ್ಳುತ್ತವೆ. ಅದಕ್ಕೆ ಹೆಪ್ಪು ಹಾಕುವುದು ಬಹುಮಟ್ಟಿಗೆ ಹಣ ಕಳೆದಂತೆ.

ಹೆಪ್ಪು ಹತ್ತಿದೆಯೋ ಇಲ್ಲವೋ ಎಂಬುದನ್ನು ಸಸಿ ಸಾಗಿಸುವ ಮುನ್ನವೇ ನೋಡಿಕೊಳ್ಳಬೇಕು. ನಾಟಿಯಾದ ಎರಡು ಮೂರು ತಿಂಗಳ ಮೇಲೆ ಸಾಲಿಗೊಂದರಂತೆ ಸಸಿಯನ್ನು ಬಲಿಗೊಟ್ಟು ಬೇರು ತೊಳೆದರೆ, ಧೂಪ, ಬೋಗಿ, ಪೈನ್‌ಗಳಲ್ಲಿ ಊದಿಕೊಂಡು ಮೊಂಡಾದ, ಬಿಳಿಯದೋ ಕಂದಿನದೋ ಒರೆ ತೊಟ್ಟ ಬೇರುತುದಿಗಳು ಭೂತಗನ್ನಡಿಯಲ್ಲೇ ಕಾಣುತ್ತವೆ. ಹುಣಿಸೆ, ಬೇವು, ತೇಗಗಳ ಬೇರನ್ನು ಹಾಗೆ ನೋಡಿ ಫಲವಿಲ್ಲ. ಒಂದು ಮುಷ್ಟಿ ಕಿರುಬೇರನ್ನು ಕೃಷಿ ವಿಶ್ವವಿದ್ಯಾಲಯದ ಸೂಕ್ಷ್ಮಜೀವಿ ವಿಭಾಗಕ್ಕೆ ಒಯ್ದು ನೀಲಿ ಹಾಕಿಸಿ ನೋಡಬೇಕು. ಹತ್ತಿಲ್ಲವೆಂದು ಕಂಡರೆ ಚೀಲದ ಬದಿಯಲ್ಲಿ ಬೇರಿನ ಮಟ್ಟಕ್ಕೆ ಎರಡು ಕುಳಿ ಕೊರೆದು ಮತ್ತೊಮ್ಮೆ ಹೆಪ್ಪು ತುಂಬಿ, ಗೊಬ್ಬರ ತಗ್ಗಿಸಿ, ಸಸಿಗಳನ್ನು ಇನ್ನೆರಡು ತಿಂಗಳು ನೆರಳಿನಲ್ಲಿಯೇ ಇರಿಸಿಕೊಳ್ಳುವುದು ಮೇಲು. ಗುಂಡಿಗಳು ಮುಂದಿನ ಮಳೆಯವರೆಗೆ ಕಾಯಬಲ್ಲವು.